ಅರಗು ಕೇಳುವ ವೇಗ

ಪುಣೆಯ ಫ್ಲ್ಯಾಟುಗಳಲ್ಲಿ ಟ್ರೆಡ್‌ಮಿಲ್ಲು ಕೆಲವು ತಿಂಗಳು ಓಡುತ್ತದೆ, ಕೆಲವು ವರ್ಷ ಬಟ್ಟೆ ಒಣಗಿಸುತ್ತದೆ, ಕೊನೆಗೆ ಗುಜರಿ ಸೇರುತ್ತದೆ. ಬೆಲ್ಟು ಹರಿದಿದ್ದರೂ ಒಳಗಿನ ಮೋಟಾರು ಎಷ್ಟೋ ಬಾರಿ ಗಟ್ಟಿಯಾಗಿಯೇ ಇರುತ್ತದೆ.

ಅಂಥದೊಂದನ್ನು ತೂಕದ ಬೆಲೆಗೆ ತಂದು, ಮರ ಕಡೆಯುವ ನನ್ನ ಪುಟ್ಟ ಲೇತಿಗೆ ಜೋಡಿಸಿದ್ದೇನೆ. ಅದು ಶಾಶ್ವತ ಕಾಂತದ ಡಿ.ಸಿ. ಮೋಟಾರು, ನಿಯಂತ್ರಕ ಕೊಡುವ ವೋಲ್ಟೇಜು ಏರಿದಂತೆ ವೇಗ ಏರುತ್ತದೆ, ನಿಧಾನದಲ್ಲೂ ತಿರುಗಿಸುವ ಕಸುವು ಉಳಿಯುತ್ತದೆ. ಚನ್ನಪಟ್ಟಣದ ಬೊಂಬೆಗಳ ಅರಗಿನ ಬಣ್ಣಕ್ಕೆ ಬೇಕಾದದ್ದೂ ಈ ಹಿಡಿತವೇ. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ತಿಕ್ಕಾಟದ ಬಿಸಿಗೆ ಕರಗಿ ಅಂಟಬೇಕು. ವೇಗ ಸಾಲದಿದ್ದರೆ ಕರಗದು, ಮಿತಿಮೀರಿದರೆ ಸುಡುತ್ತದೆ.

ಆದರೆ ಅಗ್ಗದ ವಸ್ತುವಿಗೆ ಅಗ್ಗದ ಧೈರ್ಯ ಸಲ್ಲದು. ಇಂಥ ಹಲವು ನಿಯಂತ್ರಕಗಳು ಮನೆಯ 230 ವೋಲ್ಟಿನಿಂದ ಪ್ರತ್ಯೇಕವಾಗಿರುವುದಿಲ್ಲ. ವೇಗದ ಗುಂಡಿಗೆ ಹೋಗುವ ಸಣ್ಣ ತಂತಿಯೂ ಪ್ರಾಣ ತೆಗೆಯಬಲ್ಲದು. ಪ್ಲಗ್ಗು ಕಿತ್ತ ಮೇಲೂ ಕೆಪಾಸಿಟರು ಸ್ವಲ್ಪ ಹೊತ್ತು ವಿದ್ಯುತ್ತನ್ನು ಹಿಡಿದಿಟ್ಟಿರುತ್ತದೆ. ಮೋಟಾರಿನ ಭಾರಚಕ್ರ ಕೆಲವದರಲ್ಲಿ ಮರೆಯಿಂದ ಬಿಗಿದಿರುತ್ತದೆ. ಹಿಮ್ಮುಖವಾಗಿ ಓಡಿಸಿದರೆ ಕಳಚಿ ಹಾರೀತು.

ಈ ನಿಯಂತ್ರಕದಲ್ಲಿ ನನಗೆ ಮೆಚ್ಚುಗೆಯಾದ ಗುಣ ಒಂದಿದೆ: ಗುಂಡಿಯನ್ನು ಸೊನ್ನೆಗೆ ತಾರದೆ ಅದು ಹೊರಡುವುದೇ ಇಲ್ಲ. ಓಡುವವರು ಬೀಳದಿರಲೆಂದು ಯಾರೋ ಇಟ್ಟ ಆ ಕಾಳಜಿ ಈಗ ಉಳಿ ಹಿಡಿದ ನನ್ನ ಕೈಯನ್ನು ಕಾಯುತ್ತಿದೆ.