ಪೇಟೆಯಲ್ಲಿ ಒಂದು ಮೋಡೆಮ್

ಬೆಂಗಳೂರನ್ನು ನೋಡಬರುವ ಪರಸ್ಥಳದವರು ಲಾಲ್‌ಬಾಗಿನಲ್ಲಿ ತಿರುಗಾಡುವರು. ವಿಧಾನಸೌಧದ ಮುಂದೆ ನಿಂತು ಭಾವಚಿತ್ರ ತೆಗೆಯಿಸಿಕೊಳ್ಳುವರು. ಬಸವನಗುಡಿಯ ದೊಡ್ಡ ಬಸವಣ್ಣನಿಗೆ ಕೈಮುಗಿದು ಊರಿಗೆ ಹಿಂದಿರುಗುವರು. ಕೆಂಪೇಗೌಡನ ಹಳೆಯ ಪೇಟೆಯೊಳಕ್ಕೆ ಕಾಲಿಡುವವರು ವಿರಳ. ಕಾಲಿಟ್ಟವರೂ ಚಿಕ್ಕಪೇಟೆಯಲ್ಲಿ ಸೀರೆ ಕೊಂಡು ಹೊರಬೀಳುವರೇ ಹೊರತು, ಪುರಭವನದಿಂದ ಕೂಗಳತೆಯಲ್ಲಿರುವ ಎಸ್. ಪಿ. ರಸ್ತೆಯನ್ನು ಪ್ರೇಕ್ಷಣೀಯ ಸ್ಥಳವೆಂದು ಯಾರೂ ಎಣಿಸುವುದಿಲ್ಲ. ನಾವು ಎಣಿಸುತ್ತೇವೆ, ಏತಕ್ಕೆಂಬುದನ್ನು ವಾಚಕರಿಗೆ ಅರಿಕೆ ಮಾಡಿಕೊಳ್ಳುವುದೇ ಈ ಲೇಖನದ ಉದ್ದೇಶ.

ಈ ಬೀದಿಯ ಪೂರ್ತಿ ಹೆಸರು ಸಾದರ ಪತ್ರಪ್ಪ ರಸ್ತೆ. ಇಬ್ಬರು ಕೈಚಾಚಿ ನಿಂತರೆ ತುಂಬಿಹೋಗುವಷ್ಟು ಕಿರಿದಾದ ಅಂಗಡಿಗಳು. ಒಂದರ ತಲೆಯ ಮೇಲೊಂದು ಅಂಗಡಿ. ಅದಕ್ಕೆ ಹತ್ತಲು ಕತ್ತಲೆಯ ಮೆಟ್ಟಿಲು. ಹೂವಿನ ಪೇಟೆಯಲ್ಲಿ ಮಲ್ಲಿಗೆಯ ದಂಡೆಗಳನ್ನು ಇಳಿಬಿಡುವಂತೆ ಇಲ್ಲಿ ಬಣ್ಣಬಣ್ಣದ ಕೇಬಲ್ಲುಗಳನ್ನು ಇಳಿಬಿಟ್ಟಿರುವರು. ಶಿವನಸಮುದ್ರದಿಂದ ಬಂದ ವಿದ್ಯುತ್ತಿನ ಬೀದಿದೀಪ 1905ರಲ್ಲಿ ಈ ಊರಿನಲ್ಲಿ ಮೊದಲು ಬೆಳಗಿದುದು ಇಲ್ಲಿಗೆ ಸಮೀಪದಲ್ಲಿಯೇ. ಆ ದೀಪದ ಸಂತತಿಯೆಲ್ಲ ಈ ಬೀದಿಯಲ್ಲಿ ವ್ಯಾಪಾರಕ್ಕೆ ಕುಳಿತಿರುವಂತೆ ತೋರುವುದು. ಹೊಸದು ಮುಂದೆ, ಹಳೆಯದು ಹಿಂದೆ, ಅತಿ ಹಳೆಯದು ಅಟ್ಟದ ಮೇಲೆ: ಇದು ಇಲ್ಲಿಯ ಅಂಗಡಿಗಳ ಕ್ರಮ.

ಕಳೆದ ಕಾರ್ತಿಕಮಾಸದಲ್ಲಿ ನಾವು ಅಲ್ಲಿಗೆ ಹೋದುದು ಮಿತ್ರರೊಬ್ಬರ ನಿಮಿತ್ತವಾಗಿ. ಅವರ ಮನೆಯಲ್ಲಿ 1997ರಲ್ಲಿ ಕೊಂಡ ಒಂದು ಕಂಪ್ಯೂಟರ್ ಇದೆ. ಅವರ ತಂಗಿ ಮದುವೆಯಾಗಿ ಅಮೆರಿಕಕ್ಕೆ ಹೋದ ಮೇಲೆ ವಾರಕ್ಕೊಂದಾದರೂ ಕಾಗದವನ್ನು ಆ ಯಂತ್ರಕ್ಕೆ ಕಳುಹಿಸುತ್ತಿದ್ದರು. ಆಕೆ 2003ರಲ್ಲಿ ತೀರಿಕೊಂಡರು. ಯಂತ್ರಕ್ಕೆ ಬಟ್ಟೆ ಹೊದಿಸಿ ಮೂಲೆಯಲ್ಲಿಟ್ಟರು. ಈಗ ಎಂಬತ್ತಾರು ವರ್ಷದ ತಾಯಿಯವರು, “ಅವಳ ಕಾಗದಗಳನ್ನು ಇನ್ನೊಂದು ಸಲ ಓದಿ ಹೇಳಪ್ಪ” ಎಂದು ಕೇಳಿದರು. ಮಿತ್ರರು ಬಟ್ಟೆಯನ್ನು ತೆಗೆದು ಗುಂಡಿಯನ್ನೊತ್ತಿದರೆ ಯಂತ್ರವೇನೋ ಎದ್ದಿತು. ಆದರೆ ಅಂಚೆಯ ತಂತ್ರಾಂಶವನ್ನು ತೆರೆದೊಡನೆ ಅದು ದೂರವಾಣಿಯ ತಂತಿಯನ್ನು ಹುಡುಕುವುದು, ಕಾಣದೆ ಅಲ್ಲಿಯೇ ಮೂರ್ಛೆ ಹೋಗುವುದು. ಒಳಗಿದ್ದ ಮೋಡೆಮ್ ಯಾವುದೋ ಮಳೆಗಾಲದ ಸಿಡಿಲಿಗೆ ಸುಟ್ಟಿತ್ತು. ಅದರ ಬದಲಿಗೆ ಒಂದು ಮೋಡೆಮನ್ನು ತಂದರೆ ಕೆಲಸವಾಯಿತೆಂದು ಅವರ ನಂಬಿಕೆ. ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಆಟೋರಿಕ್ಷಾದಲ್ಲಿ ಹೊರಟೆವು.

ಮೋಡೆಮ್ ಎಂದರೇನೆಂಬುದನ್ನು ಕಿರಿಯ ವಾಚಕರಿಗಾಗಿ ಹೇಳಬೇಕು. ಮನುಷ್ಯರ ಮಾತಿಗಾಗಿ ಮಾಡಿದ ದೂರವಾಣಿಯ ತಂತಿಯು ಸೆಕೆಂಡಿಗೆ ಸುಮಾರು 300ರಿಂದ 3400 ಕಂಪನಗಳವರೆಗಿನ ಧ್ವನಿಯನ್ನು ಮಾತ್ರ ಒಯ್ಯುವುದು. ಕಂಪ್ಯೂಟರಿನ ಅಂಕೆಗಳನ್ನು ಅಷ್ಟರೊಳಗೆ ಅಡಕವಾಗುವ ಧ್ವನಿಯನ್ನಾಗಿ ಮಾಡಿ ಕಳುಹಿಸುವುದೂ, ಬಂದ ಧ್ವನಿಯನ್ನು ಮತ್ತೆ ಅಂಕೆಗಳನ್ನಾಗಿ ಮಾಡುವುದೂ ಮೋಡೆಮಿನ ಕೆಲಸ. ಆ ಕೀಚು ಗುಟುರುಗಳ ಸದ್ದನ್ನು ಕೇಳಿದವರು ಮರೆಯಲಾರರು.

ಮೊದಲನೆಯ ಮೂರು ಅಂಗಡಿಗಳಲ್ಲಿ ನಮ್ಮ ಮಾತಿಗೆ ನಗೆಯೇ ಉತ್ತರವಾಯಿತು. ನಾಲ್ಕನೆಯ ಅಂಗಡಿಯ ಹುಡುಗನು, “ಮೇಲೆ ಅಜ್ಜಾರಿದ್ದಾರೆ ಸಾರ್, ಅವರನ್ನ ಕೇಳಿ” ಎಂದು ಮೆಟ್ಟಿಲನ್ನು ತೋರಿಸಿದನು. ಮೇಲೆ ಬೆಸುಗೆಯ ಹೊಗೆಯ ನಡುವೆ, ಕನ್ನಡಕವನ್ನು ಹಣೆಗೇರಿಸಿಕೊಂಡು ಹಿರಿಯರೊಬ್ಬರು ಕುಳಿತಿದ್ದರು. ನಾವು ಬಂದ ಕೆಲಸವನ್ನು ಕೇಳಿ ಅವರು ನಗಲಿಲ್ಲ. “ಮೋಡೆಮ್ ಕೊಡ್ತೀನಿ ಸ್ವಾಮಿ. ಆದರೆ ಅದು ಯಾರ ಜೊತೆ ಮಾತಾಡಬೇಕು?” ಎಂದರು.

ಮಿತ್ರರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಹಿರಿಯರು ಅಟ್ಟದಿಂದ ಎರಡು ವಸ್ತುಗಳನ್ನು ಇಳಿಸಿದರು. ಒಂದು, ಯಂತ್ರದೊಳಗೆ ಸಿಕ್ಕಿಸುವ ತೆಳ್ಳನೆಯ ಹಲಗೆ. ಇನ್ನೊಂದು, ಸಾಲಾಗಿ ಕೆಂಪು ದೀಪಗಳುಳ್ಳ ಹೊರಗಿನ ಪೆಟ್ಟಿಗೆ. ಹಲಗೆಯು ಅಗ್ಗದ್ದು, ಏಕೆಂದರೆ ಅದು ಅರ್ಧ ಮೋಡೆಮ್ ಮಾತ್ರ. ಧ್ವನಿಯನ್ನು ಅಂಕೆಯಾಗಿಸುವ ಶ್ರಮದ ಬಹುಪಾಲನ್ನು ಅದು ಕಂಪ್ಯೂಟರಿನ ತಲೆಯ ಮೇಲೆಯೇ ಹೊರಿಸುವುದು. ಹಾಗೆ ಹೊರಿಸುವ ಡ್ರೈವರ್ ಎಂಬ ತಂತ್ರಾಂಶವು ವಿಂಡೋಸ್ ಒಂದಕ್ಕೇ ಬರೆದದ್ದು. ಅದನ್ನು ಕೊಟ್ಟಿದ್ದ ತಟ್ಟೆ ಕಳೆದುಹೋದರೆ ಹಲಗೆಯು ಬರಿಯ ತಗಡು. ಹೊರಗಿನ ಪೆಟ್ಟಿಗೆಯಾದರೋ ತನ್ನ ಕೆಲಸವನ್ನು ತಾನೇ ಮಾಡಿಕೊಳ್ಳುವುದು. 1981ರಲ್ಲಿ ಹೇಯ್ಸ್ ಎಂಬ ಅಮೆರಿಕದ ಸಂಸ್ಥೆಯ ಸ್ಮಾರ್ಟ್‌ಮೋಡೆಮ್ ಹಾಕಿಕೊಟ್ಟ ಆಜ್ಞೆಗಳನ್ನು ಯಾವ ಯಂತ್ರ ಕೊಟ್ಟರೂ ಅದಕ್ಕೆ ತಿಳಿಯುವುದು. ‘ಎಟಿಡಿಟಿ’ ಎಂದರೆ ಸ್ವರದಿಂದ ಕರೆ ಮಾಡು. ‘ಎಟಿಡಿಪಿ’ ಎಂದರೆ ಹಳೆಯ ಎಕ್ಸ್‌ಚೇಂಜಿಗೆ ಒಪ್ಪುವಂತೆ ಟಕಟಕನೆ ಮಿಡಿದು ಕರೆ ಮಾಡು.

“ನಮ್ಮೂರಲ್ಲಿ ಮೊದಲು ತೊಂದರೆ ಕೊಟ್ಟದ್ದು ಅದೂ ಅಲ್ಲ ಸ್ವಾಮಿ, ಡಯಲ್ ಟೋನು” ಎಂದು ಹಿರಿಯರು ನಕ್ಕರು. ಅಮೆರಿಕದಲ್ಲಿ ಕಿವಿಗಿಟ್ಟೊಡನೆ ಕೇಳುವ ಧ್ವನಿ 350 ಮತ್ತು 440 ಕಂಪನಗಳೆರಡು ಕೂಡಿದುದು. ನಮ್ಮ ದೇಶದ್ದು 400 ಕಂಪನಗಳದು, ಅದೂ 25ರ ಅಲೆಯಿಂದ ನಡುಗುವಂಥದು. ಅಲ್ಲಿಂದ ಬಂದ ಮೋಡೆಮ್ ನಮ್ಮ ಧ್ವನಿಯನ್ನು ಕೇಳಿ, ತಂತಿಯೇ ಇಲ್ಲವೆಂದು ಹಟ ಹಿಡಿಯುವುದು. ‘ಧ್ವನಿಗೆ ಕಾಯದೆ ಕರೆ ಮಾಡು’ ಎಂಬ ಅರ್ಥದ ‘ಎಕ್ಸ್‌3’ ಎಂಬ ಆಜ್ಞೆಯನ್ನು ಸೇರಿಸಿದ ಮೇಲೆಯೇ ಅದು ದಾರಿಗೆ ಬರುವುದು. ಮಿತ್ರರು ಆ ಕಾಲದಲ್ಲಿ ತಮ್ಮ ಯಂತ್ರ ಕೆಟ್ಟಿದೆಯೆಂದು ಎರಡು ವಾರ ಕೊರಗಿದ್ದರಂತೆ. ಅದರ ಕಾರಣ ತಿಳಿದುದು ಈಗ.

ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ಟನ್ನು ವಿದೇಶ ಸಂಚಾರ ನಿಗಮವು 1995ರ ಆಗಸ್ಟ್ 15ರಂದು ತೆರೆಯಿತು. ಆಗ ಸಂಪರ್ಕಗಳಲ್ಲಿ ಎರಡು ಬಗೆ. ಮೊದಲನೆಯದರಲ್ಲಿ ಬರಿಯ ಅಕ್ಷರಗಳು. ಅದಕ್ಕೆ ಎಂತಹ ಮುದಿ ಯಂತ್ರವಾದರೂ ಸಾಲುತ್ತಿತ್ತು, ಏಕೆಂದರೆ ಕೆಲಸವೆಲ್ಲ ದೂರದ ಯಂತ್ರದಲ್ಲಿಯೇ ನಡೆದು ಅಕ್ಷರಗಳು ಮಾತ್ರ ಈಚೆಗೆ ಬರುತ್ತಿದ್ದುವು. ಎರಡನೆಯ ಬಗೆಯಲ್ಲಿ ಮನೆಯ ಯಂತ್ರವೇ ಇಂಟರ್ನೆಟ್ಟಿನ ಭಾಷೆಯನ್ನು ಆಡಬೇಕು. ವಿಂಡೋಸ್ 3.1ಕ್ಕೆ ಆ ಭಾಷೆ ಹುಟ್ಟಿನಿಂದ ಬಾರದು. ಅದನ್ನು ಕಲಿಸಿದವರು ಆಸ್ಟ್ರೇಲಿಯದ ತೆಂಕಣ ದ್ವೀಪವಾದ ಟ್ಯಾಸ್ಮೇನಿಯದ ಪೀಟರ್ ಟ್ಯಾಟಮ್ ಎಂಬವರು. ಅವರ ‘ಟ್ರಂಪೆಟ್ ವಿನ್‌ಸಾಕ್’ ಎಂಬ ತಂತ್ರಾಂಶವು ಲೋಕವನ್ನೆಲ್ಲ ಸುತ್ತಿತು. ಬಳಸಿದವರಲ್ಲಿ ಬಹುಮಂದಿ ಅದರ ಹಣವನ್ನು ಮಾತ್ರ ಕಳುಹಿಸಲಿಲ್ಲ. ಇದನ್ನು ಬರೆಯುವಾಗ ನಮಗೆ ನಾಚಿಕೆಯೇ ಆಗುವುದು.

ಮಾಡಿದವರು ಹಲವರಾದುದರಿಂದ ಕಷ್ಟವೂ ಬಂದಿತು. ಪ್ರತಿಯೊಬ್ಬ ತಯಾರಕನೂ ತನ್ನ ತಂತ್ರಾಂಶದೊಡನೆ ‘ವಿನ್‌ಸಾಕ್’ ಎಂಬ ಒಂದೇ ಹೆಸರಿನ ಕಡತವನ್ನು ಕೊಡುತ್ತಿದ್ದನು. ಒಂದೇ ಮನೆಗೆ ಒಂದೇ ಹೆಸರಿನ ಇಬ್ಬರು ಅಳಿಯಂದಿರು ಬಂದಂತೆ, ಕರೆದವನೊಬ್ಬ, ಓಗೊಟ್ಟವನು ಇನ್ನೊಬ್ಬ. 1995ರ ಆಗಸ್ಟ್ 24ರಂದು ಬಂದ ವಿಂಡೋಸ್ 95ರಲ್ಲಿ ಆ ಭಾಷೆ ಒಳಗೇ ಇದ್ದಿತಾದರೂ ಅದನ್ನು ಆರಿಸಿ ಎಬ್ಬಿಸಬೇಕಾಗಿತ್ತು. ಆಚೆಯ ಯಂತ್ರ ‘ಹೆಸರೇನು, ಗುಟ್ಟಿನ ಪದವೇನು’ ಎಂದು ಬರವಣಿಗೆಯಲ್ಲಿ ಕೇಳುವಂಥದಾದರೆ ಉತ್ತರದ ಒಂದು ಪಟ್ಟಿಯನ್ನು ಬೇರೆ ಬರೆದಿಡಬೇಕಾಗಿತ್ತು.

ಇಷ್ಟನ್ನೂ ಕೇಳಿದ ಮಿತ್ರರು, “ಹಾಗಾದರೆ ಈ ಯಂತ್ರ ಬೇಡ. ಇದರೊಳಗಿನದನ್ನೆಲ್ಲ ಹೊಸದಾದ, ವೇಗವಾದ ಯಂತ್ರಕ್ಕೆ ಹಾಕಿಕೊಡಿ, ಚೆನ್ನಾಗಿ ಓಡೀತು” ಎಂದರು. ಹಿರಿಯರು ತಲೆಯಾಡಿಸಿದರು. ವಿಂಡೋಸ್ 95ರ ಜಾಲದ ಭಾಗವು ಎದ್ದೇಳುವಾಗ ಒಂದು ಸಣ್ಣ ಸುತ್ತನ್ನು ಎಣಿಸಿ, ಯಂತ್ರದ ವೇಗವನ್ನು ಭಾಗಾಕಾರದಿಂದ ಅಳೆಯುವುದು. 2.1 ಗಿಗಾಹರ್ಟ್ಸಿಗಿಂತ ವೇಗವುಳ್ಳ ಯಂತ್ರದಲ್ಲಿ ಆ ಸುತ್ತು ಎಣಿಸುವ ಮೊದಲೇ ಮುಗಿದುಹೋಗಿ ಕಾಲವು ಸೊನ್ನೆಯೆಂದು ಬರುವುದು. ಸೊನ್ನೆಯಿಂದ ಭಾಗಿಸಹೋಗಿ ಅದು ಕುಸಿದುಬೀಳುವುದು. ಅತಿ ನಿಧಾನವಾದರೂ ಕಷ್ಟವಂತೆ: ಬಹು ಹಳೆಯ ಯಂತ್ರಗಳಲ್ಲಿ ತಂತಿಯ ಬಾಗಿಲ ಕಾವಲಿನ ಚಿಪ್ಪು ಒಂದು ಸಲಕ್ಕೆ ಒಂದೇ ಅಕ್ಷರವನ್ನು ಹಿಡಿಯಬಲ್ಲುದು, ಮುಂದಿನದು ಬರುವಷ್ಟರಲ್ಲಿ ಅದನ್ನು ಒಳಗೆ ಕೊಡದಿದ್ದರೆ ಅಕ್ಷರವೇ ಮಾಯ. 16550 ಎಂಬ ಚಿಪ್ಪು ಹದಿನಾರನ್ನು ಹಿಡಿಯುವುದರಿಂದ ಆ ತೊಂದರೆ ಬಹುಮಟ್ಟಿಗೆ ತಪ್ಪಿತು. ಮಿತ್ರರ ಯಂತ್ರದಲ್ಲಿದ್ದುದು ಅದೇ.

“ಅಂದರೆ ಇದೇ ಯಂತ್ರ, ನಿಮ್ಮ ಈ ಹೊರಗಿನ ಪೆಟ್ಟಿಗೆ, ಸರಿಹೋಗುತ್ತದಲ್ಲ?”

“ಸರಿಹೋಗುತ್ತೆ. ತಂತಿ ಎಲ್ಲಿ ಸ್ವಾಮಿ?”

ಮಿತ್ರರ ಮನೆಗೆ ಈಗ ಬಂದಿರುವುದು ಗಾಜಿನ ಎಳೆ. ಅದರ ಮೇಲೆ ಹೋಗುವ ಮಾತನ್ನು ಸಣ್ಣ ಸಣ್ಣ ಪೊಟ್ಟಣಗಳಾಗಿ ಕಟ್ಟಿ ಕಳುಹಿಸುವರು. ಒಂದು ಪೊಟ್ಟಣ ತಡವಾದರೆ ನಮ್ಮ ಕಿವಿಗೆ ಗೊತ್ತಾಗುವುದಿಲ್ಲ, ಮೋಡೆಮಿಗಾದರೋ ಸಂಭಾಷಣೆಯೇ ಮುರಿದುಬೀಳುವುದು. ತಂತಿಯಿದ್ದರೂ ಆಚೆ ಕಡೆ ಎತ್ತಿಕೊಳ್ಳುವವರಾರು? ವಿದೇಶ ಸಂಚಾರ ನಿಗಮವು 2002ರಲ್ಲಿ ಖಾಸಗಿಯವರ ಕೈಸೇರಿ, 2008ರಲ್ಲಿ ಹೆಸರನ್ನೂ ಬದಲಿಸಿಕೊಂಡಿತು. ಅಮೆರಿಕದ ಏಓಎಲ್ ಸಂಸ್ಥೆ ಕೂಡ 2025ರ ಸೆಪ್ಟೆಂಬರ್ 30ರಂದು ತನ್ನ ಡಯಲ್-ಅಪ್ಪನ್ನು ನಿಲ್ಲಿಸಿತು. ಹೇಗೋ ಒಳಹೊಕ್ಕರೂ, ಈಗಿನ ಅಂಚೆಯ ಯಂತ್ರಗಳು ಕೇಳುವ ಹೊಸ ಗುಪ್ತಲಿಪಿಯನ್ನು 1997ರ ತಂತ್ರಾಂಶವು ಅರಿಯದು. ಪೆಟ್ಟಿಗೆ ನೆಟ್ಟಗಿದೆ, ಮೋಡೆಮ್ ನೆಟ್ಟಗಿದೆ, ತಂತ್ರಾಂಶ ನೆಟ್ಟಗಿದೆ; ಅವಕ್ಕೆ ತಕ್ಕ ಲೋಕವಿಲ್ಲ.

ಮಿತ್ರರ ಮುಖ ಸಣ್ಣದಾಯಿತು. ಆಗ ಹಿರಿಯರು ಕೇಳಿದ ಪ್ರಶ್ನೆಯೇ ಆ ದಿನದ ಭಾಗ್ಯ. “ಕಾಗದಗಳನ್ನ ಯಾವುದರಲ್ಲಿ ಓದ್ತಿದ್ರಿ?”

“ಯೂಡೋರಾ.”

“ಹಾಗಿದ್ರೆ ಯಾಕೆ ಕರೆ ಮಾಡಬೇಕು? ಕಾಗದ ಪೋಸ್ಟಾಫೀಸಲ್ಲಿಲ್ಲ ಸ್ವಾಮಿ, ನಿಮ್ಮ ಮನೇಲೇ ಇದೆ.”

ಆ ಕಾಲದ ಅಂಚೆಯ ಪದ್ಧತಿಯಲ್ಲಿ ಮನೆಯ ಯಂತ್ರವು ಕರೆ ಮಾಡಿ ಕಾಗದಗಳನ್ನು ಇಳಿಸಿಕೊಳ್ಳುತ್ತಿತ್ತು. ಇಳಿಸಿಕೊಂಡ ಮೇಲೆ ಆಚೆಯ ಪೆಟ್ಟಿಗೆಯನ್ನು ಸಾಮಾನ್ಯವಾಗಿ ಬರಿದು ಮಾಡುತ್ತಿತ್ತು. ಯೂಡೋರಾ ಅವನ್ನು ಯಾವ ಗುಪ್ತರೂಪಕ್ಕೂ ತಿರುಗಿಸದೆ, ಒಂದರ ಕೆಳಗೊಂದಾಗಿ ಬರಿಯ ಅಕ್ಷರಗಳಲ್ಲಿಯೇ ಇಡುವುದು. ಹಿರಿಯರು ಯಂತ್ರವನ್ನು ಬಿಚ್ಚಿ, ಹಾರ್ಡ್ ಡಿಸ್ಕನ್ನು ಎರಡು ಕೈಯಿಂದ ಎತ್ತಿ, ಹತ್ತಿಯ ಬಟ್ಟೆಯ ಮೇಲಿಟ್ಟು, ಒಂದು ಅಡಾಪ್ಟರಿನಿಂದ ತಮ್ಮ ಯಂತ್ರಕ್ಕೆ ಜೋಡಿಸಿದರು. ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ನಿದ್ರಿಸಿದ ಡಿಸ್ಕು. ತಿರುಗೀತೋ ಇಲ್ಲವೋ ಎಂದು ಯಾರೂ ಉಸಿರೆತ್ತಲಿಲ್ಲ. ಮೊದಲ ಸಲ ಟಕ್ ಎಂದು ನಿಂತಿತು. ಹಿರಿಯರು ಅವಸರ ಪಡಲಿಲ್ಲ. ವಿದ್ಯುತ್ತನ್ನು ತೆಗೆದು, ಹತ್ತು ನಿಮಿಷ ಬಿಟ್ಟು, ಮತ್ತೆ ಕೊಟ್ಟರು. ಈ ಸಲ ಸಣ್ಣ ಜೀರುಂಡೆಯ ಸ್ವರದಿಂದ ತಿರುಗತೊಡಗಿತು. “ಓದೋದಕ್ಕೆ ಮುಂಚೆ ನಕಲು ಮಾಡ್ಕೊಳ್ಳೋಣ. ಇನ್ನೊಂದು ಸಲ ಏಳುತ್ತೋ ಇಲ್ಲವೋ” ಎಂದರು. ನಕಲು ಮುಗಿಯುವವರೆಗೆ ಮೂವರೂ ಕಾಫಿ ಕುಡಿದೆವು. ರುಚಿ ಏನಿತ್ತೆಂಬುದು ನೆನಪಿಲ್ಲ.

ಕಾಗದಗಳು ಇದ್ದುವು, ಇನ್ನೂರಕ್ಕಿಂತ ಹೆಚ್ಚು. ಆಗಿನ ಯಂತ್ರಗಳಲ್ಲಿ ಕನ್ನಡದ ಅಕ್ಷರಗಳನ್ನು ಕಳುಹಿಸುವ ಸೌಕರ್ಯ ಸುಲಭವಾಗಿರದಿದ್ದುದರಿಂದ, ಆಕೆ ಕನ್ನಡವನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿದ್ದರು. ಹುಳಿಗೆ ಹಾಕಲು ನುಗ್ಗೆಕಾಯಿ ಡಬ್ಬಿಯಲ್ಲಿ ಮಾತ್ರ ಸಿಕ್ಕುತ್ತದೆಂಬುದು ಮೊದಲನೆಯ ಕಾಗದದ ಸಮಾಚಾರ. ಮಿತ್ರರು ಅದನ್ನು ಗಟ್ಟಿಯಾಗಿ ಓದಲು ಪ್ರಾರಂಭಿಸಿ, ಎರಡನೆಯ ಸಾಲಿಗೆ ನಿಲ್ಲಿಸಿ, ಕಿಟಕಿಯ ಕಡೆಗೆ ತಿರುಗಿದರು.

ಹಿರಿಯರು ತೆಗೆದುಕೊಂಡ ಕೂಲಿ ಆಟೋರಿಕ್ಷಾದ ಬಾಡಿಗೆಗಿಂತ ಹೆಚ್ಚೇನೂ ಇರಲಿಲ್ಲ. ಮೋಡೆಮನ್ನು ಒರಸಿ ಮತ್ತೆ ಅಟ್ಟಕ್ಕೇರಿಸಿದರು. ತಾಯಿಯವರಿಗೆ ಇಂಗ್ಲಿಷ್ ಅಕ್ಷರ ಬಾರದು. ಮಗ ಊರಿನಲ್ಲಿಲ್ಲದ ದಿನಗಳಲ್ಲಿಯೂ ಅವರು ತಾವೇ ಓದಿಕೊಳ್ಳುವಂತಿರಬೇಕೆಂದು, ಮಿತ್ರರು ದಾರಿಯಲ್ಲಿ ಅವೆನ್ಯೂ ರಸ್ತೆಗೆ ತಿರುಗಿ ಇನ್ನೂರು ಪುಟದ ಎರಡು ಗೆರೆಯ ಪುಸ್ತಕಗಳನ್ನೂ ಒಂದು ಶಾಯಿಯ ಸೀಸೆಯನ್ನೂ ಕೊಂಡರು.