ಮೂರು ಸಾಲಿ, ಮೂರು ಕಾಗದ

ಹಿಟ್ನಾಳ ಕ್ರಾಸಿನಲ್ಲಿ ಬಸ್ಸಿಳಿದವರ ಪೈಕಿ ಮುನಿರಾಬಾದಿನ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗೆ (ಡಯಟ್) ಹೊರಟವರು ಯಾರೆಂದು ಕೇಳಬೇಕಿಲ್ಲ. ಎದೆಗವಚಿಕೊಂಡ ಪ್ಲಾಸ್ಟಿಕ್ ಫೈಲು, ಜೊತೆಗೊಬ್ಬ ಅಪ್ಪ ಇಲ್ಲವೇ ಅಣ್ಣ. ಟಂಟಂ ಏರಿದರೆ ತುಂಗಭದ್ರೆಯ ಎಡದಂಡೆ ಕಾಲುವೆ ಹುಟ್ಟುವ ಊರಿಗೆ ಬಂದಿರಿ. ಇಲ್ಲಿ ಇಂದು ಬಿ.ಇಡಿ. ಪ್ರವೇಶಕ್ಕೆ ದಾಖಲೆಗಳ ಪರಿಶೀಲನೆ.

ವರಾಂಡದಲ್ಲಿ ಜಾಗವಿಲ್ಲ. ಒಬ್ಬಾಕೆ ಕೂಸನ್ನು ತಾಯಿಯ ಕೈಗಿಟ್ಟು ಅಂಕಪಟ್ಟಿಗಳನ್ನು ಸೆಮಿಸ್ಟರ್ ಪ್ರಕಾರ ಜೋಡಿಸುತ್ತಿದ್ದಾಳೆ. ಗೋಡೆಗೆ ಒರಗಿದ ಎಂಜಿನಿಯರಿಂಗ್ ಪದವೀಧರನಿಗೆ ಗಣಿತದ ಮೇಷ್ಟ್ರಾಗುವ ಆಸೆ. ಬಿ.ಎ., ಬಿ.ಎಸ್ಸಿ. ಓದಿದವರಿಗೆ ಶೇಕಡ 50 ಸಾಕು, ಅವನಿಗೆ 55 ಬೇಕು. ಅವನ ಹತ್ತಿರ ಅದಕ್ಕಿಂತ ಹೆಚ್ಚೇ ಇದೆ, ಆದರೂ ಮತ್ತೆ ಮತ್ತೆ ಕೂಡಿ ನೋಡುತ್ತಾನೆ.

ಟೋಕನ್ ಕೂಗುತ್ತಾರೆ. ಕುಷ್ಟಗಿ ತಾಲ್ಲೂಕಿನ ಹುಡುಗಿ, ಹಿಂದೆ ಅವಳಪ್ಪ. ನೀವೂ ಮೇಜಿನ ಬಳಿಗೆ ಸರಿಯಿರಿ.

ಹುಟ್ಟಿದ ದಿನಾಂಕಕ್ಕೆ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ. ಹೆಸರಿನ ಒಂದೊಂದು ಅಕ್ಷರವನ್ನೂ ಆಧಾರ್ ಜೊತೆ ಹಿಡಿದು ನೋಡುತ್ತಾರೆ. ಪದವಿಯಲ್ಲಿ 48ರ ಆಸುಪಾಸು. ಅಪ್ಪನ ಮುಖ ಬಿಗಿಯುತ್ತದೆ. ಅಧಿಕಾರಿ ತಹಶೀಲ್ದಾರರ ‘ಡಿ’ ನಮೂನೆಯ ಜಾತಿ ಪ್ರಮಾಣಪತ್ರ ತಿರುವಿ, ಅದರ ಮೇಲಿನ ಆರ್‌ಡಿ ಸಂಖ್ಯೆಯನ್ನು ಕಂಪ್ಯೂಟರಿನಲ್ಲಿ ಹಾಕುತ್ತಾರೆ. ಪರಿಶಿಷ್ಟ ಪಂಗಡ, 45 ಇದ್ದರೆ ಸಾಕು. ಈ ಭಾಗದವರ ಮೀಸಲಾತಿಗೆ ಬೇಕಾದ 371(ಜೆ) ಅರ್ಹತಾ ಪತ್ರದ ಮೇಲೆ ಉಪವಿಭಾಗಾಧಿಕಾರಿಯ ಸಹಿ ಇದೆ. ಕನ್ನಡ ಮಾಧ್ಯಮದ ಪತ್ರವೂ ಸರಿ.

ಉಳಿದದ್ದು ಗ್ರಾಮೀಣ ವ್ಯಾಸಂಗ ಪ್ರಮಾಣಪತ್ರ.

‘ಎಷ್ಟು ಸಾಲಿ ಓದೀಯವ್ವಾ?’

‘ಮೂರು ರೀ ಸರ್. ಐದರ ತನಕ ನಮ್ಮೂರಾಗ, ಏಳರ ತನಕ ಬಾಜೂ ಊರಾಗ, ಆಮೇಲೆ ಹೈಸ್ಕೂಲು.’

ಮೂರು ಶಾಲೆ, ಮೂರು ಕಾಗದ. ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿಯಲ್ಲೇ ಓದಿದ್ದು ಎನ್ನುವುದಕ್ಕೆ ಮುಖ್ಯ ಶಿಕ್ಷಕರ ಸಹಿ, ಅದರ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಓ) ಮೇಲುರುಜು. ಮೊದಲ ಕಾಗದದಲ್ಲಿ ಮೇಲುರುಜಿನ ಜಾಗ ಖಾಲಿ.

ನನಗೆ ಈ ಪತ್ರದ ಬಗ್ಗೆ ಗೌರವವಿದೆ. ಎರಡು ಕೋಣೆಯ ಶಾಲೆಯಲ್ಲಿ, ಒಬ್ಬರೇ ಟೀಚರ್ ಮೂರು ತರಗತಿ ನೋಡಿಕೊಳ್ಳುವ ಕಡೆ ಕಲಿತ ಹುಡುಗಿಗೆ ಆ ಕೊರತೆಯ ಲೆಕ್ಕ ಸಿಗುವುದು ಈ ಒಂದು ಹಾಳೆಯಲ್ಲಿ. ಅಂಥ ಶಾಲೆ ಹೇಗಿರುತ್ತದೆಂದು ಬಲ್ಲವರೇ ಅಲ್ಲಿಗೆ ಶಿಕ್ಷಕರಾಗಿ ಹೋಗಬೇಕು. ಆದ್ದರಿಂದಲೇ ಒಂದು ಸಹಿಗಾಗಿ ಅವಳ ಮೀಸಲಾತಿ ಕೈತಪ್ಪಬಾರದು.

ಅಧಿಕಾರಿಯೂ ಹಾಗೆಯೇ ಯೋಚಿಸಿದಂತಿದೆ. ಫೈಲು ಮುಚ್ಚುವುದಿಲ್ಲ. ‘ಉಳಿದದ್ದೆಲ್ಲಾ ನೋಡೀನಿ, ಸರಿ ಐತಿ. ನಾಳೆ ಐದರೊಳಗ ಇದೊಂದಕ್ಕ ಸಹಿ ಮಾಡಿಸ್ಕೊಂಡು ಬಾ. ಇಲ್ಲಾಂದ್ರ ಗ್ರಾಮೀಣ ಕೋಟಾ ಬಿಟ್ಟು ಹಾಕಬೇಕಾಗ್ತದ.’

‘ಈ ಬಿ.ಇಡಿ. ಎರಡು ವರ್ಷ ಏನ್ರೀ ಸಾಹೇಬ್ರ?’ ಅಪ್ಪನ ಪ್ರಶ್ನೆ. ಹಿರಿಮಗಳು ಒಂದೇ ವರ್ಷದಲ್ಲಿ ಮುಗಿಸಿದ್ದಳು. 2015ರಿಂದ ಎರಡು ವರ್ಷವಾಗಿದೆ, ಅದರಲ್ಲಿ 20 ವಾರ ಶಾಲೆಯಲ್ಲೇ ಇದ್ದು ಕಲಿಯಬೇಕು ಎಂದು ಅಧಿಕಾರಿ ವಿವರಿಸುತ್ತಾರೆ. ‘ಪಾಠ ಮಾಡೂದು ಪುಸ್ತಕದಾಗ ಬರಂಗಿಲ್ರಿ ಯಜಮಾನ್ರ.’

ಹೊರಗೆ ಬಂದ ಹುಡುಗಿ ಊರಿನ ಶಾಲೆಯ ಹೆಡ್‌ಮಾಸ್ಟರಿಗೆ ಫೋನು ಹಚ್ಚುತ್ತಾಳೆ. ಸ್ಪೀಕರ್ ಹಾಕಿದ್ದರಿಂದ ವರಾಂಡಕ್ಕೆಲ್ಲ ಕೇಳಿಸುತ್ತದೆ: ‘ನೀ ಸೀದಾ ಕುಷ್ಟಗಿ ಬಿಇಓ ಆಫೀಸಿಗೆ ಬಾರವ್ವಾ. ನಾನೂ ದಾಖಲಾತಿ ರಿಜಿಸ್ಟರ್ ತಗೊಂಡು ಅಲ್ಲಿಗೇ ಬರ್ತೀನಿ. ಅವ್ರು ಕೇಳಿದ್ರ ನಿನ್ನ ಹೆಸರು ತೋರಸ್ತೀನಿ.’

2023ರ ಜೂನಿನಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಉಚಿತ, ಅವಳಿಗೆ ಬಸ್ಸಿನ ಖರ್ಚಿಲ್ಲ. ಅಪ್ಪ ತನ್ನೊಬ್ಬನ ಟಿಕೆಟ್ಟಿಗೆ ಚಿಲ್ಲರೆ ಎಣಿಸಿಕೊಳ್ಳುತ್ತಾ, ‘ನಡಿಯವ್ವಾ, ಹಿಟ್ನಾಳದಾಗ ಬಸ್ ಸಿಗ್ತಾವ’ ಎಂದು ಮುಂದಾಗುತ್ತಾನೆ.