ನಯವೆಲ್ಲ ನಿಜವೇ?

ಚಲಚ್ಚಿತ್ರವೆಂಬ ಹೆಸರೇ ಒಂದು ಸವಿಯಾದ ಸುಳ್ಳು. ಅದರಲ್ಲಿ ಚಲಿಸುವ ಚಿತ್ರ ಒಂದೂ ಇಲ್ಲ. ಇರುವುದೆಲ್ಲ ನಿಂತ ಚಿತ್ರಗಳೇ. ಮಾತಿನ ಚಿತ್ರಗಳು ಹುಟ್ಟಿದ 1920ರ ದಶಕದ ಕೊನೆಯಲ್ಲಿ, ಧ್ವನಿ ಕೆಡದಿರಬೇಕಾದರೆ ಸುರುಳಿಯು ಒಂದೇ ವೇಗದಲ್ಲಿ ಓಡಬೇಕೆಂದಾಗಿ, ಸೆಕೆಂಡಿಗೆ 24 ಚಿತ್ರಗಳೆಂಬ ಲೆಕ್ಕ ನೆಲೆಗೊಂಡಿತು. ಇಂದಿಗೂ ಸಿನೆಮಾದ ಸಾಮಾನ್ಯ ನಡಿಗೆ ಅದೇ. ಒಂದು ಚಿತ್ರಕ್ಕೂ ಮುಂದಿನದಕ್ಕೂ ನಡುವಣ ತೆರಪನ್ನು ನೋಡುವವನ ಮನಸ್ಸು ತಾನೇ ತುಂಬಿಕೊಳ್ಳುತ್ತದೆ.

ಈ ತೆರಪಿನ ಬೆಲೆ ತಿಳಿಯುವುದು ಅದು ಇಲ್ಲವಾದಾಗಲೇ. ಬಸವಕಲ್ಯಾಣದ ಹಿರಿಯರೊಬ್ಬರು ಹುಮನಾಬಾದಿನಲ್ಲಿರುವ ತಮ್ಮನ ಮಗನ ಮನೆಗೆ ಬಂದಿದ್ದರು. ಮನೆಯಲ್ಲಿ ಗೋಡೆಯಗಲದ ಹೊಸ ಟಿ.ವಿ. ದೊಡ್ಡಪ್ಪನಿಗೆ ಸಂತೋಷವಾಗಲೆಂದು ಹುಡುಗ 1959ರ ‘ಜಗಜ್ಯೋತಿ ಬಸವೇಶ್ವರ’ ಚಿತ್ರವನ್ನು ಹಚ್ಚಿದ. ಹೊನ್ನಪ್ಪ ಭಾಗವತರ್ ಬಸವಣ್ಣ, ರಾಜಕುಮಾರ್ ಬಿಜ್ಜಳ. ಬಾಲ್ಯದಲ್ಲಿ ಟೂರಿಂಗ್ ಟಾಕೀಸಿನಲ್ಲಿ ಕಂಡು ಮೈಮರೆತ ಚಿತ್ರ, ಕಥೆಯೋ ತಮ್ಮೂರಿನದೇ. ಆದರೆ ಅರ್ಧ ಗಳಿಗೆ ಕಳೆಯುವುದರಲ್ಲಿ ಹಿರಿಯರ ಮುಖ ಬಾಡಿತು. ಕಲ್ಯಾಣದ ರಾಜಸಭೆ ರಾಜಸಭೆಯಾಗಿರಲಿಲ್ಲ. ಹಲಗೆಯ ಕಂಬಗಳ ನಡುವೆ ವೇಷ ತೊಟ್ಟ ನಟರು ಓಡಾಡುತ್ತಿದ್ದರು.

“ಇದ್ಯಾಕೋ ತಮ್ಮಾ, ಸಿನೆಮಾ ಇದ್ದಂಗಿಲ್ಲ. ಧಾರಾವಾಹಿ ಆಗ್ಯಾದ,” ಎಂದರು.

“ಹೊಸಾ ಟಿ.ವಿ. ದೊಡ್ಡಪ್ಪಾ, ಎಲ್ಲಾ ಛಂದ ಕಾಣ್ತದ,” ಎಂದು ಹುಡುಗ ನೊಂದು ನುಡಿದ.

ಹಿರಿಯರು ಸುಮ್ಮನಾದರು. ಅವರನ್ನು ಕಾಡಿದ ಸಂಶಯ ಬೇರೆ: ಕೆಟ್ಟದ್ದು ತಮ್ಮ ಕಣ್ಣೇ, ಇಲ್ಲವೆ ಅಂದಿನ ಆನಂದವೇ ಹುಸಿಯಾಗಿತ್ತೇ?

ಎರಡೂ ಅಲ್ಲ. ಇಂದಿನ ಟಿ.ವಿ.ಗಳಲ್ಲಿ ಚಲನೆಯನ್ನು ನಯಗೊಳಿಸುವ ಏರ್ಪಾಡೊಂದಿದೆ, ಎಷ್ಟೋ ಟಿ.ವಿ.ಗಳಲ್ಲಿ ಅದು ಅಂಗಡಿಯಿಂದ ತಂದಾಗಲೇ ಚಾಲೂ ಇರುತ್ತದೆ. ಎರಡು ಚಿತ್ರಗಳನ್ನು ಹೋಲಿಸಿ, ನಡುವೆ ಏನಿದ್ದೀತೆಂದು ಊಹಿಸಿ, ಯಾವ ಕ್ಯಾಮರಾವೂ ತೆಗೆಯದ ಚಿತ್ರಗಳನ್ನು ಅದು ಸೇರಿಸುತ್ತದೆ. ಮನಸ್ಸಿಗೆ ಬಿಟ್ಟ ತೆರಪನ್ನು ಯಂತ್ರವೇ ಕಬಳಿಸುತ್ತದೆ. ಧಾರಾವಾಹಿಯ ನೆನಪಾದುದಕ್ಕೂ ಕಾರಣವುಂಟು. ಭಾರತದ ಹಿಂದಿನ ಧಾರಾವಾಹಿಗಳ ವಿಡಿಯೋ ಕ್ಯಾಮರಾ ಚಲನೆಯನ್ನು ಸೆಕೆಂಡಿಗೆ 50 ಸಲ ಹಿಡಿಯುತ್ತಿತ್ತು. ಆ ನುಣುಪು ಕಂಡೊಡನೆ ಮನೆಮಂದಿಯ ಕಣ್ಣು ಇದು ಸಿನೆಮಾ ಅಲ್ಲವೆಂದು ತೀರ್ಮಾನಿಸಿಬಿಡುತ್ತದೆ.

ನಯವೇ ದೋಷವೆನ್ನಲಾಗದು. ಕ್ರಿಕೆಟ್ ಚೆಂಡಿನ ಜಾಡು ಹಿಡಿಯಲು ಅದು ಬೇಕು. ಪೀಟರ್ ಜಾಕ್ಸನ್ 2012ರಲ್ಲಿ ‘ದಿ ಹಾಬಿಟ್’ ಚಿತ್ರವನ್ನು ಸೆಕೆಂಡಿಗೆ 48 ಚಿತ್ರಗಳಂತೆ ತೋರಿಸಿದರು. ಕೆಲವರು ಹೊಗಳಿದರು, ಹಲವರು ಮುಖ ಸಿಂಡರಿಸಿದರು. ಜೇಮ್ಸ್ ಕ್ಯಾಮರೂನ್ 2022ರ ‘ಅವತಾರ್’ ಎರಡನೆಯ ಭಾಗದಲ್ಲಿ ಆಯ್ದ ದೃಶ್ಯಗಳಿಗೆ ಮಾತ್ರ ಆ ವೇಗವನ್ನಿತ್ತರು. ಅದು ನಿರ್ದೇಶಕರೇ ಬಯಸಿ ಆರಿಸಿಕೊಂಡ ವೇಗ. ಕಲ್ಯಾಣದ ಕಥೆಗೆ 1959ರಲ್ಲಿ ಯಾರೂ ಬಯಸದ ವೇಗವನ್ನು ಟಿ.ವಿ. ತಾನಾಗಿಯೇ ಹೇರುವುದು ಬೇರೆ ಮಾತು. ಈ ಅಸಮಾಧಾನ ಚಿತ್ರನಿರ್ಮಾಪಕರಲ್ಲೂ ಇದ್ದುದರಿಂದಲೇ 2019ರಲ್ಲಿ ‘ಫಿಲ್ಮ್‌ಮೇಕರ್ ಮೋಡ್’ ಎಂಬ ವ್ಯವಸ್ಥೆ ಪ್ರಕಟವಾಯಿತು. ಅದು ಈ ನಯಗಾರಿಕೆಯನ್ನು ನಿಲ್ಲಿಸಿ ಚಿತ್ರವನ್ನು ಅದರ ಮೂಲದ ನಡಿಗೆಗೆ ಮರಳಿಸುತ್ತದೆ.

ಹೊಸ ಟಿ.ವಿ. ಬಂದ ದಿನ ಅರಿಸಿನ ಕುಂಕುಮ ಹಚ್ಚುವ ಮನೆಗಳು ಅನೇಕ. ಅದರ ಜೊತೆಗೆ ಸೆಟ್ಟಿಂಗ್ಸ್ ಪಟ್ಟಿಯನ್ನೂ ಒಮ್ಮೆ ತೆರೆದು, ಆಟಕ್ಕೆ ಬೇಕಾದ ನಯವನ್ನು ಆಟಕ್ಕೇ ಬಿಟ್ಟು, ಸಿನೆಮಾಕ್ಕೆ ಅದನ್ನು ನಿಲ್ಲಿಸುವುದು ಲೇಸು. ಹಿರಿಯರು “ಇದ್ಯಾಕೋ ಸರಿಯಿಲ್ಲ” ಎಂದಾಗ, ಅವರ ಕನ್ನಡಕವನ್ನು ದೂರುವ ಮೊದಲು ಆ ಪಟ್ಟಿಯನ್ನು ನೋಡಬೇಕು.